ಚಿಕ್ಕಪ್ಪನ ಮುಯ್ಯಿ ಲೆಕ್ಕ

ಹೋದ ಕಾರ್ತಿಕದಲ್ಲಿ ಊರಿಗೆ ಹೋಗಿದ್ದೆ. ಊರೆಂದರೆ ತಳಿಯಿಂದ ಜವಳಗಿರಿ ಕಡೆಗೆ ಹೋಗುವಾಗ ಒಳದಾರಿ ಹಿಡಿದರೆ ಸಿಗುವ ಅರವತ್ತು ಮನೆ, ಎರಡು ಗುಡಿ, ಕಾಡಿಗೆ ಅಂಟಿಕೊಂಡ ರಾಗಿ ಹೊಲ. ತೆನೆ ಕಂದು ತಿರುಗುತ್ತಿದ್ದ ಹೊತ್ತು. ಅಕ್ಕ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಮೊಮ್ಮಗ ಹೊಸೂರಿನ ಫ್ಯಾಕ್ಟರಿಯಿಂದ ರಾತ್ರಿ ಪಾಳಿ ಮುಗಿಸಿ ಬಂದು, ಮಲಗಿ ಎದ್ದು, ಫೋನು ಹಿಡಿದು ಕೂತಿದ್ದ.

"ತಾತ, ನೀವೇ ಅಜ್ಜಿಗೆ ಒಂಚೂರು ಹೇಳಿ. ಅವರ ಹೆಸರಲ್ಲಿ ಹೆಲ್ತ್ ಇನ್ಶೂರೆನ್ಸ್ ಮಾಡಿಸ್ತಾ ಇದೀನಿ. ಸೆಪ್ಟೆಂಬರ್ 22ರಿಂದ ಜಿಎಸ್‌ಟಿನೂ ತೆಗೆದವ್ರೆ. ಮುಂಚೆ ನೂರಕ್ಕೆ ಹದಿನೆಂಟು ರೂಪಾಯಿ ಜಾಸ್ತಿ ಕಟ್ಬೇಕಿತ್ತು."

ಹುಡುಗನ ಮನಸ್ಸು ಒಳ್ಳೆಯದು. ಅಜ್ಜಿಗೆ ಇಂಥದೊಂದು ಬೇಕು ಅಂತ ಅವನಿಗೆ ತೋಚಿದ್ದೇ ನನಗೆ ಸಂತೋಷವಾಯಿತು. ಪರದೆಯ ಮೇಲೆ ಸಾಲಾಗಿ ಪ್ರಶ್ನೆಗಳು. ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ದಿನವೂ ಮಾತ್ರೆ ತೆಗೆದುಕೊಳ್ಳುತ್ತೀರಾ. ಎಲ್ಲದರ ಎದುರಿಗೂ ಹೌದು, ಇಲ್ಲ ಅಂತ ಎರಡು ಗುಂಡಿ. ಅವನು ಹೇಳಿದ: "ಎಲ್ಲದಕ್ಕೂ ನೋ ಒತ್ತಿದ್ರೆ ಬೇಗ ಆಗೋಗುತ್ತೆ ತಾತ."

ಅಕ್ಕನ ತಲೆಯ ಹಿಂದೆ ಗೂಡಿನಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಅವಳ ಮಾತ್ರೆಗಳು. ಸಕ್ಕರೆಗೆ ಒಂದು, ಬಿಪಿಗೆ ಒಂದು. ತಿಂಗಳು ತಿಂಗಳು ಸರ್ಕಾರದ ಕಡೆಯ ಹೆಣ್ಣುಮಗಳೊಬ್ಬಳು ಮನೆಬಾಗಿಲಿಗೆ ಬಂದು ಕೊಟ್ಟು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗುತ್ತಾಳೆ. ಮಕ್ಕಳೈ ತೇಡಿ ಮರುತ್ತುವಂ ಅಂತ ಆ ಯೋಜನೆಯ ಹೆಸರು. ಅದು ಶುರುವಾದದ್ದೇ ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, 2021ರ ಆಗಸ್ಟ್ 5ರಂದು. ಹುಡುಗನಿಗೆ ಆ ಡಬ್ಬಿ ಗೊತ್ತಿಲ್ಲದ್ದೇನಲ್ಲ. ಆದರೂ ಅವನ ಹೆಬ್ಬೆರಳು "ಇಲ್ಲ"ದಿಂದ "ಇಲ್ಲ"ಕ್ಕೆ ಇಳಿಯುತ್ತಾ ಕೊನೆಯ ಸಾಲಿಗೆ ಬಂತು. ಮೇಲಿನದೆಲ್ಲವನ್ನೂ ಓದಿ, ತನಗೆ ತಿಳಿಯುವ ಭಾಷೆಯಲ್ಲಿ ಅರ್ಥ ಮಾಡಿಕೊಂಡಿದ್ದೇನೆ ಅಂತ ಅಕ್ಕ ಒಪ್ಪಿಕೊಳ್ಳುವ ಸಾಲು ಅದು. ಪಕ್ಕದಲ್ಲಿ ಗುರುತು ಹಾಕಲು ಒಂದು ಪುಟ್ಟ ಚೌಕ.

ನಾನು ಅವನ ಕೈ ಹಿಡಿದುಕೊಂಡೆ. ಹಿಡಿದದ್ದು ಜೋರಾಯಿತೇನೋ. ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ.

ಅಂಥದೇ ಸಾಲಿನ ಕೆಳಗೆ, ಹದಿನೆಂಟನೇ ವಯಸ್ಸಿನಿಂದ ಇಪ್ಪತ್ತೆರಡರವರೆಗೆ, ಲೆಕ್ಕವಿಲ್ಲದಷ್ಟು ಸಲ ನಾನು ಸಹಿ ಹಾಕಿದ್ದೇನೆ.

ನಮ್ಮ ಚಿಕ್ಕಪ್ಪ ಎಲ್‌ಐಸಿ ಏಜೆಂಟರು. ಅದಕ್ಕೆ ಮುಂಚೆ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದರು. ನಮ್ಮ ಸುತ್ತಿನ ಹಳ್ಳಿಗಳ ಗೂಡನ್ನು ಮೂಟೆ ಕಟ್ಟಿ ರಾಮನಗರದ ಮಾರುಕಟ್ಟೆಗೆ ಹೊತ್ತುಕೊಂಡು ಹೋಗಿ ಬರುತ್ತಿದ್ದವರು. ಯಾರ ಮನೆಯಲ್ಲಿ ಹುಳ ಯಾವ ಜ್ವರದಲ್ಲಿದೆ, ಯಾರ ಚಂದ್ರಿಕೆ ಎಂದು ಬಿಡಿಸುತ್ತಾರೆ, ಯಾರ ಕೈಯಲ್ಲಿ ಯಾವ ವಾರ ದುಡ್ಡು ಆಡುತ್ತದೆ, ಎಲ್ಲ ಅವರ ಬಾಯಲ್ಲಿತ್ತು. ಏಜೆನ್ಸಿ ಹಿಡಿದ ಮೇಲೆ ಅವರಿಗೆ ಒದಗಿದ್ದು ಆ ತಿಳಿವಳಿಕೆಯೇ. ಓಡಾಟಕ್ಕೆ ಟಿವಿಎಸ್ 50. ಆ ಗಾಡಿ 1980ರಲ್ಲಿ ಹೊಸೂರಿನ ಫ್ಯಾಕ್ಟರಿಯಿಂದಲೇ ಹೊರಟದ್ದು. ನಮ್ಮೂರ ಗಾಡಿ ಅಂತ ಅದರ ಮೇಲೆ ಅವರಿಗೆ ಮಗನ ಮೇಲಿನಷ್ಟು ಅಕ್ಕರೆ. ಹ್ಯಾಂಡಲಿಗೆ ರೆಕ್ಸಿನ್ ಚೀಲ, ಅದರೊಳಗೆ ಫಾರಂಗಳು, ಅಂಗುಷ್ಠ ಒತ್ತಿಸಲು ಮಸಿ ಪ್ಯಾಡು.

ವಿಮೆ ಅನ್ನುವ ಮಾತು ನಮ್ಮ ಕಡೆ ಬಾಯಲ್ಲಿ ಬರುತ್ತಿರಲಿಲ್ಲ. ಅದು ಬೆಂಗಳೂರಿನ ಪತ್ರಿಕೆಯಲ್ಲಿ ಕಾಣುವ ಮಾತು. ತಮಿಳು ಬೋರ್ಡುಗಳಲ್ಲಿ ಕಾಪ್ಪೀಡು ಅಂತ ಇರುತ್ತಿತ್ತು. ಆಫೀಸಿನಲ್ಲಿ ಇನ್ಶೂರೆನ್ಸು. ನಮ್ಮ ಜನಕ್ಕೆ ಅದು ಪಾಲ್ಸಿ, ಇಲ್ಲವೇ "ಎಲ್ಲೈಸಿ ಕಟ್ಟಾದು". ಗೋಡೆಯ ಕ್ಯಾಲೆಂಡರಿನಲ್ಲಿ ದೀಪದ ಕುಡಿಯನ್ನು ಎರಡು ಕೈ ಕಾಯುತ್ತಿರುವ ಆ ಚಿತ್ರಕ್ಕೆ ನಮ್ಮ ಚಿಕ್ಕಮ್ಮ ಶುಕ್ರವಾರ ಕುಂಕುಮ ಇಡುತ್ತಿದ್ದರು. ಅದರ ಕೆಳಗಿನ ಮಾತು ಗೀತೆಯ ಒಂಬತ್ತನೇ ಅಧ್ಯಾಯದ್ದು ಅಂತ ತಿಳಿದೇನೂ ಇಟ್ಟಿದ್ದಲ್ಲ. ದೀಪಕ್ಕೆ ಇಟ್ಟಿದ್ದು.

ಭಾಷೆ ಬಲ್ಲವರು ನಮ್ಮಂಥ ಊರುಗಳನ್ನು ಭಾಷಾದ್ವೀಪ ಅನ್ನುತ್ತಾರಂತೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಹೊಸೂರು ಸೀಮೆ ಕಂಪನಿಯ ಕೈಗೆ ಹೋಗಿ ಸೇಲಂ ಜಿಲ್ಲೆಗೆ ಸೇರಿತು. ಮೈಸೂರಿನಿಂದ ಬೇರೆಯಾಗಿ ಇನ್ನೂರು ವರ್ಷ ದಾಟಿದರೂ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. 1956 ನಮ್ಮ ಪಾಲಿಗೆ ವಿಚಿತ್ರ ವರ್ಷ. ಸೆಪ್ಟೆಂಬರ್ 1ಕ್ಕೆ ದೇಶದ 245 ಖಾಸಗಿ ವಿಮಾ ಸಂಸ್ಥೆಗಳನ್ನು ಕೂಡಿಸಿ ಎಲ್‌ಐಸಿ ಮಾಡಿದರು. ಎರಡು ತಿಂಗಳಿಗೆ, ನವೆಂಬರ್ 1ಕ್ಕೆ, ಭಾಷೆಯ ಮೇಲೆ ರಾಜ್ಯಗಳನ್ನು ಬೇರೆ ಮಾಡಿದರು. ಒಂದು ಎಲ್ಲರನ್ನೂ ಕೂಡಿಸಿದ್ದು, ಇನ್ನೊಂದು ನಮ್ಮನ್ನು ಇದ್ದಲ್ಲೇ ಬಿಟ್ಟದ್ದು. ಚಿಕ್ಕಪ್ಪನ ಟ್ರಂಕಿನಲ್ಲಿ ಈಗಲೂ ಹಳೆಯ ಬಾಂಡುಗಳ ನಕಲು ಇವೆ. 1965ಕ್ಕೆ ಹಿಂದಿನದರಲ್ಲಿ ವಿಳಾಸ ಸೇಲಂ ಜಿಲ್ಲೆ, ಆಮೇಲಿನದರಲ್ಲಿ ಧರ್ಮಪುರಿ ಜಿಲ್ಲೆ, 2004ರಿಂದ ಈಚೆಗೆ ಕೃಷ್ಣಗಿರಿ ಜಿಲ್ಲೆ. ಮನೆಗಳು ಎಲ್ಲಿದ್ದವೋ ಅಲ್ಲೇ ಇವೆ.

ಆ ಮನೆಗಳಿಗೆ ಇಂಗ್ಲಿಷಿನ ಆ ಕಾಗದವನ್ನು ಚಿಕ್ಕಪ್ಪ ಹೇಗೆ ತಿಳಿಸಿದರು? ಒಂದೇ ಮಾತಿನಲ್ಲಿ ತಿಳಿಸಿದರು. ಮುಯ್ಯಿ.

ನಮ್ಮ ಕಡೆ ಮದುವೆಯಲ್ಲಿ ಧಾರೆ ಮುಗಿದ ಮೇಲೆ ಒಬ್ಬರು ನೋಟ್‌ಬುಕ್ಕು ಹಿಡಿದು ಕೂರುತ್ತಾರೆ. ಯಾರು ಎಷ್ಟು ಮುಯ್ಯಿ ಹಾಕಿದರು, ಪಂಚೆ ಎಷ್ಟು, ಪಾತ್ರೆ ಯಾವುದು, ಎಲ್ಲ ಬರೆಯುತ್ತಾರೆ. ಹತ್ತು ವರ್ಷ ಬಿಟ್ಟು ಅವರ ಮನೆಯಲ್ಲಿ ಕಾರ್ಯವಾದಾಗ ಆ ಪುಸ್ತಕ ತೆಗೆದು ನೋಡಿ, ಅದಕ್ಕೆ ಒಂದಿಷ್ಟು ಸೇರಿಸಿ ಹಾಕಬೇಕು. ಹೊಲದ ಕೆಲಸಕ್ಕೂ ಮುಯ್ಯಾಳು ಉಂಟು. ನಿನ್ನ ಕಳೆಗೆ ನಾನು, ನನ್ನ ಕೊಯ್ಲಿಗೆ ನೀನು. ಚಿಕ್ಕಪ್ಪ ಜಗಲಿಯ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಹೇಳುತ್ತಿದ್ದರು:

"ನೋಡಪ್ಪ, ಇದೂ ಮುಯ್ಯೇ. ನೀನು ವರ್ಷಕ್ಕೆ ಎರಡು ಸಲ ಹಾಕ್ತಾ ಬಾ. ನಿಂಗೆ ಹೆಚ್ಚುಕಮ್ಮಿ ಆಯ್ತು ಅನ್ಕೋ, ನೀನು ಕಾಣದ ಊರಿನೋರು, ನಿನ್ನ ಮುಖ ನೋಡದೋರು, ನಿನ್ನ ಹೆಂಡ್ತಿ ಮಕ್ಕಳಿಗೆ ಮುಯ್ಯಿ ತಿರುಗಿಸ್ತಾರೆ. ಏನೂ ಆಗ್ಲಿಲ್ವಾ, ಇಪ್ಪತ್ತು ವರ್ಷಕ್ಕೆ ನಿನ್ನ ದುಡ್ಡು ಮರಿ ಹಾಕ್ಕೊಂಡು ನಿಂಗೇ ಬರುತ್ತೆ."

ಇದಕ್ಕಿಂತ ಚೆನ್ನಾಗಿ ವಿಮೆಯನ್ನು ವಿವರಿಸಿದವರನ್ನು ನಾನು ಆಮೇಲೆ ಬೆಂಗಳೂರಿನ ಮೂವತ್ತು ವರ್ಷಗಳಲ್ಲೂ ಕಂಡಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಮಾತು ಅವರಿಗೆ ತಾನಾಗಿ ಬಂದದ್ದು. ಕೇಳಿದವರ ಮುಖದಲ್ಲಿ ಗಂಟು ಬಿಚ್ಚಿಕೊಳ್ಳುವುದನ್ನು ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ನಾನು ಪಕ್ಕದಲ್ಲಿ ಇರುತ್ತಿದ್ದದ್ದು ಬರೆಯುವುದಕ್ಕೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಇಂಗ್ಲಿಷ್ ಅಕ್ಷರ ಗುಂಡಾಗಿ ಬರೆಯುತ್ತಿದ್ದೆ. ತಮಿಳು ಕೂಡಿಸಿಕೊಂಡು ಓದುತ್ತಿದ್ದೆ. 300ನೇ ನಂಬರಿನ ಪ್ರಪೋಸಲ್ ಫಾರಂ ಪೂರಾ ಇಂಗ್ಲಿಷು. ಅರ್ಜಿದಾರ ಬೇರೆ ಭಾಷೆಯಲ್ಲಿ ಸಹಿ ಮಾಡಿದರೆ ಅಥವಾ ಹೆಬ್ಬೆಟ್ಟು ಒತ್ತಿದರೆ, ಇನ್ನೊಬ್ಬರು ಕೆಳಗೆ ಒಂದು ಘೋಷಣೆಗೆ ಸಹಿ ಹಾಕಬೇಕಿತ್ತು. ಇದರಲ್ಲಿನ ಪ್ರಶ್ನೆಗಳನ್ನೆಲ್ಲ ನಾನು ಇವರಿಗೆ ಇವರ ಭಾಷೆಯಲ್ಲಿ ವಿವರಿಸಿದ್ದೇನೆ, ಇವರು ಪೂರ್ತಿ ಅರ್ಥ ಮಾಡಿಕೊಂಡು ಉತ್ತರ ಹೇಳಿದ್ದಾರೆ, ಅಂತ. 1984ರಲ್ಲಿ ನನಗೆ ಹದಿನೆಂಟು ತುಂಬಿದ ದಿನದಿಂದ ಆ ಇನ್ನೊಬ್ಬ ನಾನಾದೆ. ಒಂದು ಫಾರಂಗೆ ಚಿಕ್ಕಪ್ಪ ಎರಡು ರೂಪಾಯಿ ಕೊಡುತ್ತಿದ್ದರು. ಸಹಿ ಹಾಕುವಾಗ ದೊಡ್ಡವನಾದೆ ಅನ್ನಿಸುತ್ತಿತ್ತು. ಅದರ ಮೇಲೆ ಬರೆದದ್ದೇನು ಅಂತ ಒಂದು ದಿನವೂ ನಿಂತು ಯೋಚಿಸಲಿಲ್ಲ.

ಚಿಕ್ಕಪ್ಪನ ಒಳ್ಳೆಯತನವನ್ನು ಮೊದಲು ಹೇಳಿಬಿಡುತ್ತೇನೆ, ಹೇಳಲೇಬೇಕು. ಪಾಲಿಸಿ ಶುರುವಾಗುವ ತಾರೀಕನ್ನು ಅದೇ ಹಣಕಾಸು ವರ್ಷದೊಳಗೆ ಹಿಂದಕ್ಕೆ ಹಾಕಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿತ್ತು. ಅವರು ಮಾರ್ಚಿಯಲ್ಲಿ ಬರೆಸಿದ ಪಾಲಿಸಿಯನ್ನು ಜನವರಿಗೆ ಹಾಕಿಸುತ್ತಿದ್ದರು. ಹಾಗೆ ಮಾಡಿದರೆ ಅರ್ಧ ವರ್ಷದ ಕಂತು ಜನವರಿ ಮತ್ತು ಜುಲೈಗೆ ಬೀಳುತ್ತದೆ. ಜನವರಿಯಲ್ಲಿ ರಾಗಿ ಒಕ್ಕಣೆ ಮುಗಿದಿರುತ್ತದೆ. ಜುಲೈ ಹೊತ್ತಿಗೆ ಮಳೆ ಬಿದ್ದು ಹಿಪ್ಪುನೇರಳೆ ಚಿಗುರಿ ಒಂದು ಬೆಳೆ ಗೂಡು ಕೈಗೆ ಬಂದಿರುತ್ತದೆ. ಆಫೀಸಿನಲ್ಲಿ ಕೂತವರು ಇದನ್ನು ಮಾಡಿ ಅಂತ ಹೇಳಲಾರರು. ಕಣ ನೋಡಿದವನಿಗೆ ಮಾತ್ರ ಹೊಳೆಯುವ ಲೆಕ್ಕ ಅದು. ಮೂರು ವರ್ಷ ಪೂರಾ ಕಂತು ಕಟ್ಟಿದ್ದವನು, ಕಟ್ಟದೆ ಬಿಟ್ಟ ಕಂತಿನಿಂದ ಆರು ತಿಂಗಳೊಳಗೆ ತೀರಿಕೊಂಡರೆ ಬಾಕಿ ಹಿಡಿದುಕೊಂಡು ಪೂರ್ತಿ ಮೊತ್ತ ಕೊಡುವ ರಿಯಾಯಿತಿ ಒಂದಿತ್ತು. ಯಾರದಾದರೂ ಸಾವಿನ ಸುದ್ದಿ ಬಂದರೆ ಚಿಕ್ಕಪ್ಪ ಮೊದಲು ಬೆರಳು ಮಡಿಸಿ ತಿಂಗಳು ಎಣಿಸುತ್ತಿದ್ದರು. ಐದರಲ್ಲಿ ನಿಂತರೆ, "ಮನೆ ಉಳೀತು" ಅನ್ನುತ್ತಿದ್ದರು. ಆಮೇಲೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು.

ಆನೆಯ ಸಂಗತಿ 1986ರ ಡಿಸೆಂಬರಿನದು. ರಾಗಿ ತೆನೆ ಬಲಿತರೆ ಬನ್ನೇರುಘಟ್ಟದ ಕಡೆಯಿಂದ ಹಿಂಡು ಇಳಿಯುತ್ತದೆ. ತಳಿ, ಜವಳಗಿರಿ, ಡೆಂಕಣಿಕೋಟೆಯ ಕಾಡಂಚಿನ ಊರುಗಳಲ್ಲಿ ಆ ಮೂರು ತಿಂಗಳು ಗಂಡಸರು ಮನೆಯಲ್ಲಿ ಮಲಗುವುದಿಲ್ಲ. ಅಟ್ಟಣೆಯ ಮೇಲೆ ತಮಟೆ, ಪಂಜು ಇಟ್ಟುಕೊಂಡು ಕಾವಲು. ನಮ್ಮ ಪಕ್ಕದ ಊರಿನ ಒಬ್ಬಾತ ನಸುಕಿನಲ್ಲಿ ಅಟ್ಟಣೆಯಿಂದ ಇಳಿದು ಮನೆಕಡೆ ಬರುತ್ತಿದ್ದ. ಮಂಜು. ಒಂಟಿಸಲಗ ದಾರಿಯಲ್ಲೇ ನಿಂತಿದ್ದದ್ದು ಅವನಿಗೆ ಕಾಣಲಿಲ್ಲ.

ಅವನ ಪಾಲಿಸಿ ಹತ್ತು ಸಾವಿರದ್ದು. ಅಪಘಾತದಲ್ಲಿ ಸತ್ತರೆ ಇನ್ನೊಂದು ಅಷ್ಟು ಕೊಡುವ ಷರತ್ತೂ ಸೇರಿತ್ತು. ಅದಕ್ಕೆ ಪೊಲೀಸರ ಎಫ್‌ಐಆರ್ ಬೇಕು, ಮರಣೋತ್ತರ ಪರೀಕ್ಷೆಯ ವರದಿ ಬೇಕು. ಎಫ್‌ಐಆರ್ ತಮಿಳಿನಲ್ಲಿ. ಬಾಂಡು ಇಂಗ್ಲಿಷಿನಲ್ಲಿ. ಹೆಂಡತಿಗೆ ಕನ್ನಡ ಬಿಟ್ಟರೆ ಬೇರೆ ಬಾರದು, ಅದನ್ನೂ ಓದಲು ಬಾರದು. ಕಾಗದವೆಲ್ಲ ಕೂಡಿಸಿದ ಮೇಲೆ ತೊಡಕು ಗೊತ್ತಾಯಿತು. ಬಾಂಡಿನಲ್ಲಿರುವ ನಾಮಿನಿ ಒಬ್ಬಳು, ಕಚೇರಿಯಿಂದ ತಂದ ಕಾಗದದಲ್ಲಿರುವ ಹೆಂಡತಿ ಇನ್ನೊಬ್ಬಳು.

ಅದು ಆದದ್ದು ಹೀಗೆ. ತಮಿಳು ಲಿಪಿಯಲ್ಲಿ ಕಕ್ಕೂ ಗಕ್ಕೂ ಒಂದೇ ಅಕ್ಷರ, ತಕ್ಕೂ ದಕ್ಕೂ ಒಂದೇ, ಪಕ್ಕೂ ಬಕ್ಕೂ ಒಂದೇ. ತಮಿಳು ಬಲ್ಲವರು ಜಾಗ ನೋಡಿ ಸರಿಯಾಗಿ ಓದಿಕೊಳ್ಳುತ್ತಾರೆ. ಆದರೆ ನಮ್ಮ ಗೌರಮ್ಮನವರು ರೇಷನ್ ಕಾರ್ಡಿನಲ್ಲಿ ತಮಿಳಿಗೆ ಹೋಗಿ, ಅಲ್ಲಿಂದ ಟೈಪ್ ಮಾಡುವವರ ಕೈಯಲ್ಲಿ ಇಂಗ್ಲಿಷಿಗೆ ಬಂದಾಗ ಕೌರಮ್ಮನಾಗಿರುತ್ತಾರೆ, ಬಸಪ್ಪನವರು ಪಸಪ್ಪನಾಗಿರುತ್ತಾರೆ. ಈ ಹೆಂಗಸಿನ ಹೆಸರಿನ ಮೊದಲಕ್ಷರಕ್ಕೂ ಹಾಗೇ ಆಗಿತ್ತು. ಬಾಂಡಿನಲ್ಲಿ ಅವಳ ಹೆಸರನ್ನು ಬರೆದವನು ನಾನು. ಅವಳ ಗಂಡನ ಬಾಯಲ್ಲಿ ಕೇಳಿದಂತೆ, ಕನ್ನಡದ ಕಿವಿಯಲ್ಲಿ, ಸರಿಯಾಗಿಯೇ ಬರೆದಿದ್ದೆ. ನಾನು ಸರಿಯಾಗಿ ಬರೆದದ್ದೇ ಅವಳಿಗೆ ತೊಂದರೆಯಾಯಿತು ಅನ್ನುವುದನ್ನು ನುಂಗಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ರೇಷನ್ ಕಾರ್ಡು ತರಿಸಿ ನೋಡಿದ್ದರೆ ಆಗುತ್ತಿತ್ತು. ಎರಡು ನಿಮಿಷದ ಕೆಲಸ.

ಇವಳೂ ಅವಳೂ ಒಬ್ಬಳೇ ಅನ್ನುವ ಸರ್ಟಿಫಿಕೇಟು ತರಲು ಚಿಕ್ಕಪ್ಪ ಆಕೆಯನ್ನು ಟಿವಿಎಸ್‌ನಲ್ಲಿ ಕೂರಿಸಿಕೊಳ್ಳುವಂತಿರಲಿಲ್ಲ. ಗಂಡ ಸತ್ತ ಹೆಂಗಸು, ಊರು ಏನಾದರೂ ಅಂದೀತು. ಆಕೆ, ಆಕೆಯ ಅತ್ತೆ, ಇಬ್ಬರೂ ಬಸ್ಸಿನಲ್ಲಿ; ಹಿಂದೆ ಇವರು ಗಾಡಿಯಲ್ಲಿ. ಹೀಗೆ ನಾಲ್ಕು ಸಲ. ಬ್ಯಾಂಕಿನಲ್ಲಿ ಖಾತೆ ತೆರೆಸಲು ಇನ್ನೆರಡು ಸಲ. ಕೊನೆಗೆ ಮೊತ್ತ ಬಂತು, ಇಪ್ಪತ್ತು ಸಾವಿರ. ಆ ಕಾಲಕ್ಕೆ ನಮ್ಮೂರಲ್ಲಿ ಅಷ್ಟು ದುಡ್ಡನ್ನು ಒಟ್ಟಿಗೆ ನೋಡಿದ ಹೆಂಗಸು ಇರಲಿಲ್ಲ.

ಆಕೆ ಅಳಲಿಲ್ಲ, ಕೈಮುಗಿಯಲೂ ಇಲ್ಲ. ಬಾಂಡು ತೆಗೆಸಿ ನನ್ನ ಮುಂದೆ ಹಿಡಿದಳು. "ಆನೆ ಅಂತ ಎಲ್ಲೈತೆ, ತೋರ್ಸಪ್ಪ" ಅಂದಳು. ಆನೆ ಅಂತ ಇಲ್ಲಮ್ಮ, ಅಪಘಾತ ಅಂತ ಇದೆ, ಅದರಲ್ಲಿ ಆನೆಯೂ ಸೇರುತ್ತೆ, ಅಂದೆ. ಆ ಪದದ ಮೇಲೆ ಬೆರಳಿಟ್ಟು ತೋರಿಸಿದೆ. ನನ್ನ ಬೆರಳು ತೆಗೆದ ಜಾಗದಲ್ಲಿ ತನ್ನ ಬೆರಳು ಇಟ್ಟು ಬಹಳ ಹೊತ್ತು ಹಾಗೇ ಇದ್ದಳು. ಆಮೇಲೆ ಎರಡು ಸೀಮೆಹಸು ಕೊಂಡಳು. ಅವಳ ಮಕ್ಕಳು ಓದಿದ್ದು ಆ ಹಾಲಿನಲ್ಲಿ.

ಊರಿನಲ್ಲಿ ಈ ಸುದ್ದಿ ಹರಡಿತು. ಮುಯ್ಯಿ ನಿಜವಾಗಿಯೂ ತಿರುಗಿ ಬರುತ್ತದೆ ಅಂತ ಕಣ್ಣಾರೆ ಕಂಡಂತಾಯಿತು. ಮುಂದಿನ ಮಾರ್ಚಿಯಲ್ಲಿ ಚಿಕ್ಕಪ್ಪನಿಗೆ ಕೈತುಂಬ ಕೆಲಸ, ನನಗೆ ಕೈನೋವು ಬರುವಷ್ಟು ಫಾರಂ.

ಆ ಮಾರ್ಚಿಯದೇ ಇನ್ನೊಂದು ಫಾರಂ. ಕೊನೆಯ ವಾರ, ದಿನಕ್ಕೆ ಹತ್ತು ಹನ್ನೆರಡು ಮನೆ ಸುತ್ತುತ್ತಿದ್ದೆವು. ಒಬ್ಬ ಕಲ್ಲುಕುಟಿಗ, ಮೂವತ್ತೈದರ ಪ್ರಾಯ, ತೆಳ್ಳಗೆ ಬಿಗಿಯಾಗಿದ್ದ. ಮೊತ್ತ ಸಣ್ಣದು, ಡಾಕ್ಟರ ಪರೀಕ್ಷೆ ಬೇಡದ ಪಾಲಿಸಿ. ಫಾರಂನಲ್ಲಿ ಕಾಯಿಲೆಗಳ ಪಟ್ಟಿಯೇ ಇರುತ್ತದೆ. ಕ್ಷಯ, ಅಸ್ತಮಾ, ಎದೆನೋವು, ಹೀಗೆ ಒಂದೊಂದಾಗಿ ಕೇಳಬೇಕು. ನಾನು ಕೇಳಿದ್ದು ಇಷ್ಟೇ: "ಕಾಯಿಲೆ ಕಸಾಲೆ ಏನಾದ್ರೂ ಐತಾ ಅಣ್ಣ?" ಅವನು ನಕ್ಕು, "ನಂಗೇನಾಗೈತಪ್ಪ" ಅಂದ. ಅವನು ಕೆಮ್ಮಿದ್ದು ನನಗೆ ನೆನಪಿದೆ. ಕಲ್ಲಿನ ಧೂಳು ಅಂತ ನಾನೇ ಒಳಗೊಳಗೆ ಹೇಳಿಕೊಂಡದ್ದೂ ನೆನಪಿದೆ. ಎಲ್ಲ ಪ್ರಶ್ನೆಯ ಎದುರಿಗೂ ಮೇಲಿಂದ ಕೆಳಕ್ಕೆ ಒಂದೇ ಗೀಟಿನಲ್ಲಿ "ಇಲ್ಲ" ಬರೆದು, ಎಲ್ಲವನ್ನೂ ಕನ್ನಡದಲ್ಲಿ ವಿವರಿಸಿದ್ದೇನೆ ಅನ್ನುವುದರ ಕೆಳಗೆ ಸಹಿ ಹಾಕಿದೆ.

ಹದಿನಾಲ್ಕು ತಿಂಗಳಿಗೆ ಅವನು ಹೋದ. ಪಾಲಿಸಿ ಮಾಡಿಸುವುದಕ್ಕೆ ಮುಂಚಿನಿಂದಲೂ ಅವನು ಆಸ್ಪತ್ರೆಯಲ್ಲಿ ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಚೀಟಿಗಳು ಅವನ ಮನೆಯ ಸೂರಿನಲ್ಲೇ ಸಿಕ್ಕಿಸಿದ್ದವು. 1938ರ ವಿಮಾ ಕಾಯಿದೆಯ 45ನೇ ಕಲಮಿನಂತೆ ಆಗ ಮೊದಲ ಎರಡು ವರ್ಷದೊಳಗೆ ಸಾವಾದರೆ ಹೇಳಿಕೆ ನಿಜವೋ ಸುಳ್ಳೋ ಅಂತ ವಿಚಾರಿಸಬಹುದಿತ್ತು. ಈಗ ಆ ಅವಧಿ ಮೂರು ವರ್ಷ. ವಿಚಾರಿಸಿದರು, ಚೀಟಿ ಕಂಡಿತು, ದುಡ್ಡು ಬರಲಿಲ್ಲ. ಅದು ಬರೆದ ಕಾಗದಕ್ಕೆ ತಕ್ಕಂತೆ ಸರಿಯಾದದ್ದೇ. ಕಾಗದ ಬರೆದವನು ನಾನು.

ಅವನ ಹೆಂಡತಿ ಒಂದು ಸಂಜೆ ನಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ, ಕಲ್ಲಿನ ಮೆಟ್ಟಿಲ ಮೇಲೆ ಕೂತಳು. ಚಿಕ್ಕಪ್ಪನಿಗೆ ಹೇಳಿದಳು: "ಮುಯ್ಯಿ ಅಂದ್ರಲ್ಲಣ್ಣ. ಮುಯ್ಯಿ ಹಾಕೋ ಹೊತ್ನಾಗೆ ಯಾರಾದ್ರೂ ಕೆಮ್ಮು ಕೇಳ್ತಾರಾ?" ಚಿಕ್ಕಪ್ಪ ತಲೆ ತಗ್ಗಿಸಿದರು. ಆಮೇಲೆ ನನ್ನ ಕಡೆ ತಿರುಗಿದಳು. "ಕೇಳ್ಬೇಕಾಗಿತ್ತು ಅಂದ್ರೆ ನೀನು ಕೇಳ್ಬೇಕಾಗಿತ್ತು. ಕ್ಷಯ ಐತಾ ಅಂತ ಹೆಸರಿಡ್ದು ಕೇಳಿದ್ರೆ ನಾನೇ ಒಳಗ್ನಿಂದ ಐತೆ ಅಂತಿದ್ದೆ."

ಕೇಳಿದ್ದರೆ ಆ ಪಾಲಿಸಿ ಆಗುತ್ತಿರಲಿಲ್ಲ. ಮಾತ್ರೆ ಮುಗಿದು ವಾಸಿಯಾದ ಮೇಲೆ ಬಾ ಅನ್ನುತ್ತಿದ್ದರು. ಕಟ್ಟಿದ ಕಂತುಗಳು ಅವಳ ಮನೆಯಲ್ಲೇ ಉಳಿಯುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಒಂದು ವರ್ಷ ಅವಳು ಧೈರ್ಯವಾಗಿದ್ದಳಲ್ಲ, ಆ ಹುಸಿ ಧೈರ್ಯ ಇರುತ್ತಿರಲಿಲ್ಲ.

ಆ ದಿನದಿಂದ ಚಿಕ್ಕಪ್ಪನ ಬಾಯಲ್ಲಿ ಮುಯ್ಯಿ ಅನ್ನುವ ಮಾತು ಬರಲಿಲ್ಲ. "ಇದು ಕರಾರಪ್ಪ" ಅನ್ನತೊಡಗಿದರು. "ಸುಳ್ಳು ಹೇಳಿದ್ರೆ ಮುರೀತದೆ, ಕಂತು ಬಿಟ್ರೆ ಬೀಳ್ತದೆ." ಕಾಯಿಲೆಗಳ ಹೆಸರನ್ನು ಒಂದೊಂದಾಗಿ, ಹೆಂಗಸರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿಸುತ್ತಿದ್ದರು. ಫಾರಂಗಳು ಕಡಿಮೆಯಾದವು. 1988ರಲ್ಲಿ ನಾನು ಬೆಂಗಳೂರಿಗೆ ಕೆಲಸಕ್ಕೆ ಹೊರಟೆ. ಓಡಿಹೋದೆ ಅನ್ನುವುದೂ ಸುಳ್ಳಲ್ಲ.

ಚಿಕ್ಕಪ್ಪ ತೀರಿಕೊಂಡ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ಅದರಲ್ಲಿ ಗೂಡು ಕಟ್ಟುವ ದಾರದಲ್ಲಿ ಬಿಗಿದ ಒಂದು ಕಟ್ಟು, ಮೇಲೆ ಅವರ ಕೈಬರಹದಲ್ಲಿ "ಬಿದ್ದವು" ಅಂತ. ಒಂದೋ ಎರಡೋ ಕಂತಿಗೆ ನಿಂತುಹೋದ ಪಾಲಿಸಿಗಳ ಚೀಟಿ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಆಗ ಒಂದು ಬಿಡಿಗಾಸೂ ವಾಪಸ್ಸು ಇರಲಿಲ್ಲ. ಆ ಕಟ್ಟು, ಬೀಳದೆ ಉಳಿದ ಪಾಲಿಸಿಗಳ ಇನ್ನೊಂದು ಕಟ್ಟಿಗಿಂತ ದಪ್ಪ. ನಾನು ಅದನ್ನು ಅವರ ದುರಾಸೆ ಅಂತ ಒಪ್ಪುವುದಿಲ್ಲ, ಆದರೆ ಬರೀ ಜನರ ಬಡತನ ಅಂತಲೂ ಈಗ ಒಪ್ಪಲಾರೆ. ಏಜೆಂಟನಿಗೆ ಆಗ ಮೊದಲ ವರ್ಷದ ಕಂತಿನಲ್ಲಿ ನೂರಕ್ಕೆ ಇಪ್ಪತ್ತೈದರವರೆಗೆ ಕಮಿಷನ್, ಎರಡು ಮೂರನೇ ವರ್ಷ ಏಳೂವರೆ, ಆಮೇಲೆ ಐದು. ಹೊಸ ಪಾಲಿಸಿ ಬರೆಸುವವನಿಗೆ ಸಿಗುವುದು ಹಳೆಯದನ್ನು ಬದುಕಿಸಿ ಕಾಯುವವನಿಗೆ ಸಿಗುವುದಿಲ್ಲ. ಮಾರ್ಚಿಯಲ್ಲಿ ಕೆಲವರ ಮೊದಲ ಕಂತನ್ನು ಅವರು ತಮ್ಮ ಕೈಯಿಂದಲೇ ಹಾಕಿದ್ದರು. ಹಾಗೆ ಕಮಿಷನ್ ಬಿಟ್ಟುಕೊಡುವುದನ್ನು ಕಾಯಿದೆಯ 41ನೇ ಕಲಮು ನಿಷೇಧಿಸಿದೆ. ಅವರಿಗದು ಉಪಕಾರದಂತೆ ಕಂಡಿತ್ತು. ಎರಡನೇ ಕಂತಿಗೆ ಆ ಮನೆಯಲ್ಲಿ ದುಡ್ಡಿರಲಿಲ್ಲ, ಪಾಲಿಸಿ ಬಿತ್ತು.

ಎರಡೂ ಕಟ್ಟಿನಲ್ಲಿ ಹೆಂಗಸರ ಹೆಸರು ಹುಡುಕಿದೆ. ನಾಮಿನಿ ಜಾಗದಲ್ಲಿ ಎಲ್ಲರೂ ಇದ್ದಾರೆ, ಪಾಲಿಸಿದಾರರ ಜಾಗದಲ್ಲಿ ಇಬ್ಬರು, ಇಬ್ಬರೂ ಶಾಲೆಯ ಟೀಚರುಗಳು. ಓದು, ಸ್ವಂತ ಆದಾಯ ಎರಡೂ ಇಲ್ಲದ ಹೆಂಗಸಿಗೆ ಆಗ ನಿರ್ಬಂಧಗಳು ಬಹಳ. ನಮ್ಮಕ್ಕ ಆ ವರ್ಷಗಳಲ್ಲಿ ಅರ್ಧ ರಾತ್ರಿಗೆ ಎದ್ದು ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಮನೆಗೆ ಬರುತ್ತಿದ್ದ ಗೂಡಿನ ದುಡ್ಡಿನಲ್ಲಿ ಅರ್ಧಕ್ಕೆ ಮೇಲೆ ಅವಳ ಬೆವರು. ಅದಕ್ಕೆ ಆದಾಯ ಅಂತ ಹೆಸರಿರಲಿಲ್ಲ. ಅವಳ ಹೆಸರಿನ ಫಾರಂ ನಾನೂ ಬರೆಯಲಿಲ್ಲ, ಬರೆಯೋಣ ಅಂತ ನನಗೂ ಹೊಳೆಯಲಿಲ್ಲ.

ಆಮೇಲೆ ಎಲ್ಲ ಬದಲಾಯಿತು. ಅಶೋಕ್ ಲೇಲ್ಯಾಂಡ್, ಟೈಟನ್, ಟಿವಿಎಸ್ ಅಂತ ಊರಿನ ಹುಡುಗರು ಹೊಸೂರು ಸೇರಿದರು. ಸಂಬಳದಲ್ಲೇ ಕಂತು ಹಿಡಿಯುವ ಪದ್ಧತಿ ಬಂದು ಪಾಲಿಸಿಗಳು ಬೀಳುವುದು ತಪ್ಪಿತು. 2000ದಿಂದ ಖಾಸಗಿ ಕಂಪನಿಗಳು ಬಂದವು. 2006ರ ಕಾನೂನಿನಿಂದ ತಮಿಳುನಾಡಿನ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಮೇಲಕ್ಕೆ ವರ್ಷವರ್ಷಕ್ಕೂ ತಮಿಳು ಕಡ್ಡಾಯವಾಗುತ್ತಾ ಬಂತು. ಅಕ್ಕನ ಮೊಮ್ಮಗ ತಮಿಳು ಓದುತ್ತಾನೆ, ಇಂಗ್ಲಿಷ್ ಓದುತ್ತಾನೆ, ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಕನ್ನಡ ಓದಲು ಅವನಿಗೆ ಬಾರದು. ಅವನ ಫೋನಿನಲ್ಲಿ ಕನ್ನಡದ ಆಯ್ಕೆಯೂ ಇತ್ತು. ಒತ್ತಿದರೆ ಅವನಿಗೆ ತಿಳಿಯದು. ಒತ್ತದಿದ್ದರೆ ಅಕ್ಕನಿಗೆ ತಿಳಿಯದು.

ನಾನು ಫೋನು ಇಸಕೊಂಡು ಕನ್ನಡಕ ಹಾಕಿಕೊಂಡೆ. "ಮೊದಲಿನಿಂದ ಬರಲಿ" ಅಂದೆ. ಹುಡುಗ ಮರುಮಾತಾಡದೆ ಪಕ್ಕದಲ್ಲಿ ಕೂತ.

ಸಕ್ಕರೆ ಕಾಯಿಲೆ. ಐತೆ. ಎಷ್ಟು ವರ್ಷದಿಂದ? ಅಕ್ಕ ಅವರೆಕಾಳು ಬೆರಳಲ್ಲಿ ಆಡಿಸುತ್ತಾ ಲೆಕ್ಕ ಹಾಕಿದಳು. ಎರಡನೇ ಮೊಮ್ಮಗಳು ಹುಟ್ಟಿದ ವರ್ಷದಿಂದ. ರಕ್ತದೊತ್ತಡ. ಐತೆ. "ಹೌದು ಒತ್ತಿದರೆ ದುಡ್ಡು ಜಾಸ್ತಿ ಕೇಳ್ತಾರೆ ತಾತ, ಆಗೋದೇ ಇಲ್ಲ ಅಂದ್ರೂ ಅಂದ್ರು" ಅಂದ ಹುಡುಗ. ಅನ್ನಲಿ, ಈಗಲೇ ಅನ್ನಲಿ, ಅಂದೆ. ಈಗಾಗಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ, ಅದು ಹೆಚ್ಚೆಂದರೆ ಮೂರು ವರ್ಷ ಅಂತ 2024ರಿಂದ ನಿಯಮವಿದೆ, ಅಲ್ಲಿವರೆಗೆ ಸಕ್ಕರೆಯಿಂದ ಏನಾದರೂ ಆದರೆ ಇವರು ಕೊಡುವುದಿಲ್ಲ, ಅಂತ ಅಕ್ಕನಿಗೆ ಬಿಡಿಸಿ ಹೇಳಿದೆ.

"ಬಿದ್ದು ಕಾಲು ಮುರ್ಕೊಂಡ್ರೆ?"

"ಕೊಡ್ತಾರೆ."

"ಆನೆ ತುಳಿದ್ರೆ?"

"ಆಸ್ಪತ್ರೆಗೆ ಸೇರಿದ್ರೆ ಕೊಡ್ತಾರೆ ಅಕ್ಕ."

ನಡುವೆ ಹೊತ್ತು ಮುಗಿಯಿತು ಅಂತ ಪರದೆ ಬಿಳಿಯಾಯಿತು. ಹುಡುಗ ಮತ್ತೆ ತೆರೆದ. ಹೆಸರು ತುಂಬುವಲ್ಲಿ ಅಕ್ಕನ ಆಧಾರ್ ಕಾರ್ಡು ತರಿಸಿ ಒಂದೊಂದು ಅಕ್ಷರವೂ ಅದರಲ್ಲಿದ್ದಂತೆಯೇ ಹೊಡೆಸಿದೆ, ದೊಡ್ಡ ತಪ್ಪಿದ್ದರೂ ಹಾಗೇ. ಮತ್ತೆ ಒಟಿಪಿ ಬಂತು, ಮತ್ತೆ ಹೊತ್ತು ಮೀರಿತು. ದನಗಳು ಕೊಟ್ಟಿಗೆಗೆ ಬಂದವು. ಕಾಡಿನ ಕಡೆಯಿಂದ ಮೊದಲ ತಮಟೆ ಕೇಳಿಸಿತು.

ಅಕ್ಕ ಮೊರ ಪಕ್ಕಕ್ಕೆ ಸರಿಸಿ, ಸಿಪ್ಪೆ ಹತ್ತಿದ ಕೈ ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದು ಕೂತಳು.

"ಮುಂದಿಂದು ಓದು" ಅಂದಳು.